ನಾಲ್ಕು ಅಮೆರಿಕನ್ ವಿಸ್ಕಿಗಳ ನಡುವಿನ ವ್ಯತ್ಯಾಸವನ್ನು ಮನೆಯಲ್ಲಿ ಸರಿಯಾಗಿ ಹಿಡಿಯುವುದು ಹೇಗೆ?

ಮೇಕರ್ಸ್ ಮಾರ್ಕ್, ಜ್ಯಾಕ್ ಡೇನಿಯಲ್ಸ್, ವೈಲ್ಡ್ ಟರ್ಕಿ 101, ರಿಟನ್‌ಹೌಸ್ ರೈ ತಂದಿಟ್ಟುಕೊಂಡು ಸಾಲಾಗಿ ರುಚಿ ನೋಡಿದಿರಿ. ಎರಡು ಮೆತ್ತಗಿವೆ, ಎರಡು ಗಂಟಲು ಸುಡುತ್ತವೆ, ಅದರಾಚೆ ಏನೂ ತಿಳಿಯಲಿಲ್ಲ ಅಂತ ಬರೆದಿದ್ದೀರಿ. ನಿಮ್ಮ ನಾಲಿಗೆಯ ದೋಷವೇನೂ ಇಲ್ಲ. ಆ ನಾಲ್ಕರ ಆಲ್ಕೋಹಾಲ್ ಪ್ರಮಾಣ ಕ್ರಮವಾಗಿ ಶೇ 45, 40, 50.5 ಮತ್ತು 50. ನಿಮಗೆ ಗೊತ್ತಾದ ವ್ಯತ್ಯಾಸದ ಬಹುಪಾಲು ಈ ಅಂಕಿಗಳದ್ದೇ. ಅಮೆರಿಕದ ಲೇಬಲ್‌ನಲ್ಲಿ ಪ್ರೂಫ್ ಅಂತ ಇರುವುದು ಶೇಕಡಾವಾರಿನ ಎರಡು ಪಟ್ಟು; 101 ಅಂದರೆ ಶೇ 50.5.

ಹಾಗಾಗಿ ಮೊದಲ ಕೆಲಸ, ನಾಲ್ಕನ್ನೂ ಒಂದೇ ಮಟ್ಟಕ್ಕೆ ತರುವುದು. ನೀರು ಸೇರಿಸಿ ಇಳಿಸಬಹುದು, ಏರಿಸಲು ಆಗುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಕಡಿಮೆ ಇರುವ ಜ್ಯಾಕ್ ಡೇನಿಯಲ್ಸ್‌ನ ಶೇ 40ಕ್ಕೆ ಉಳಿದವನ್ನು ಇಳಿಸಿ. ಲೆಕ್ಕ ಸುಲಭ: ವಿಸ್ಕಿಯ ಮಿಲಿಯನ್ನು ಅದರ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿದರೆ ಒಟ್ಟು ಎಷ್ಟು ಮಿಲಿ ಆಗಬೇಕು ಅಂತ ಸಿಗುತ್ತದೆ. 10 ಮಿಲಿ ವೈಲ್ಡ್ ಟರ್ಕಿಗೆ ಸುಮಾರು 2.6 ಮಿಲಿ ನೀರು, ರಿಟನ್‌ಹೌಸ್‌ಗೆ 2.5, ಮೇಕರ್ಸ್‌ಗೆ 1.25. ಹನಿ ಲೆಕ್ಕದಲ್ಲಿ ಹಾಕಬೇಡಿ, ಹನಿಯ ಗಾತ್ರ ಒಂದೊಂದು ಸಲ ಒಂದೊಂದು ಥರ. ಮಕ್ಕಳಿಗೆ ಔಷಧಿ ಕುಡಿಸುವ, ಸೂಜಿಯಿಲ್ಲದ ಸಿರಿಂಜು ಸಾಕು. ಕ್ಲೋರಿನ್ ವಾಸನೆಯ ನಲ್ಲಿ ನೀರು ಬೇಡ. ಆರ್‌ಒ ನೀರೋ ಡಿಸ್ಟಿಲ್ಡ್ ನೀರೋ ಆಗಲಿ, ಕೋಣೆಯ ಬಿಸಿಯಲ್ಲೇ ಇರಲಿ. ನೀರು ಬೆರೆಸಿದ ಮೇಲೆ ಲೋಟದ ಬಾಯಿಗೆ ಸಣ್ಣ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಬೆರೆಸಿದ ಕೂಡಲೇ ಮೂಸಿದರೆ ವಾಸನೆ ಇನ್ನೂ ಕದಡಿಕೊಂಡಿರುತ್ತದೆ.

10 ಮಿಲಿ ತೀರಾ ಕಡಿಮೆ ಅನ್ನಿಸಬಹುದು. ಆದರೆ ಹೀಗೆ ನಾಲ್ಕು ಲೋಟ ಸೇರಿದರೇ ಸುಮಾರು 14.6 ಗ್ರಾಂ ಆಲ್ಕೋಹಾಲ್. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದು ಎಣಿಸುವುದು 14 ಗ್ರಾಂ. ಅದಕ್ಕಿಂತ ಮುಂದೆ ಹೋದರೆ ತೀರ್ಪು ಮಂಕಾಗುತ್ತದೆ. ಹೆಚ್ಚು ಲೋಟ ನೋಡಬೇಕಿದ್ದರೆ ಉಗುಳಿ, ನಾಚಿಕೆಪಡಬೇಕಾದ್ದೇನಿಲ್ಲ.

ಲೋಟಗಳು ಗ್ಲೆನ್‌ಕೇರ್ನ್ ಆಗಲಿ, ಬಾಯಿ ಕಿರಿದಾದ ಬೇರೆ ಯಾವುದೇ ಆಗಲಿ, ನಾಲ್ಕೂ ಒಂದೇ ಆಕಾರದವು ಇರಬೇಕು. ಪಾತ್ರೆ ಸೋಪಿನ ವಾಸನೆ, ಕಪಾಟಿನ ಮರದ ವಾಸನೆ ಲೋಟದಲ್ಲಿ ಉಳಿದಿರುತ್ತದೆ. ಬಿಸಿನೀರಲ್ಲಿ ಜಾಲಿಸಿ ಗಾಳಿಗೆ ಒಣಗಿಸಿ. ಅರ್ಧಕ್ಕಿಂತ ಕೆಳಗೆ ಇಳಿದು ತಿಂಗಳುಗಟ್ಟಲೆ ಇಟ್ಟ ಬಾಟಲಿಯನ್ನು ಹೊಸ ಬಾಟಲಿಯ ಎದುರು ನಿಲ್ಲಿಸಬೇಡಿ. ಗಾಳಿ ತಾಕಿ ಅದರ ಮೇಲ್ವಾಸನೆ ಬದಲಾಗಿರುತ್ತದೆ, ಆ ಬದಲಾವಣೆಯನ್ನು ನೀವು ಧಾನ್ಯದ ಲೆಕ್ಕಕ್ಕೋ ಪೀಪಾಯಿಯ ಲೆಕ್ಕಕ್ಕೋ ಬರೆದುಕೊಳ್ಳುತ್ತೀರಿ. ಬಾಟಲಿ ತೆರೆದ ದಿನವೇ 60 ಮಿಲಿಯ ಒಂದು ಗಾಜಿನ ಶೀಶೆಗೆ ಕತ್ತಿನವರೆಗೆ ತುಂಬಿ ಮುಚ್ಚಿಟ್ಟರೆ ಮುಂದಿನ ಹೋಲಿಕೆಗೆ ಆಯಿತು.

ಊಟದ ಮೇಲೆ ಕೂರಬೇಡಿ, ಅದರಲ್ಲೂ ಸಾರು, ಉಪ್ಪಿನಕಾಯಿ ಊಟದ ಮೇಲೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ನರಗ್ರಾಹಕವೇ ಆಲ್ಕೋಹಾಲಿನ ಉರಿಯನ್ನೂ ಗುರುತಿಸುತ್ತದೆ. ಅದು ಮೊದಲೇ ಕೆರಳಿದ್ದರೆ ಶೇ 40ರ ವಿಸ್ಕಿಯೂ ಬೆಂಕಿ. ಮಧ್ಯೆ ಮಧ್ಯೆ ನೀರು, ಒಗ್ಗರಣೆಯಿಲ್ಲದ ಮಂಡಕ್ಕಿ ಸಾಕು.

ಮೂಸುವಾಗ ಮೂಗನ್ನು ಲೋಟದೊಳಗೆ ತೂರಿಸಬೇಡಿ. ಅಂಚಿನಿಂದ ಒಂದೆರಡು ಸೆಂಟಿಮೀಟರ್ ದೂರ ಹಿಡಿದು, ಬಾಯಿ ಸ್ವಲ್ಪ ತೆರೆದು, ಚಿಕ್ಕದಾಗಿ ಉಸಿರೆಳೆಯಿರಿ. ದಿನದ ಮೊದಲ ಗುಟುಕನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ; ಆಲ್ಕೋಹಾಲಿಗೆ ಬಾಯಿ ಒಗ್ಗುವ ಮುಂಚೆ ಯಾವ ವಿಸ್ಕಿಯೂ ಒರಟೇ. ಎಡದಿಂದ ಬಲಕ್ಕೆ ಒಂದು ಸುತ್ತು, ಬಲದಿಂದ ಎಡಕ್ಕೆ ಇನ್ನೊಂದು. ಎರಡರಲ್ಲೂ ಕಂಡದ್ದನ್ನು ಮಾತ್ರ ನಂಬಿ.

ವಾಸನೆಗೆ ಹೆಸರು ಸಿಗದಿದ್ದರೆ ಅಡುಗೆಮನೆಯಿಂದ ಐದಾರು ಸಾಮಾನು ಪಕ್ಕದಲ್ಲಿಟ್ಟುಕೊಳ್ಳಿ. ಇದನ್ನು ಎಲ್ಲರಿಗೂ ಒತ್ತಾಯ ಮಾಡಿ ಹೇಳುತ್ತೇನೆ, ಯಾಕೆಂದರೆ ವಿದೇಶಿ ಪಟ್ಟಿಗಳಲ್ಲಿರುವ ಚೆರ್ರಿ ಕಾಬ್ಲರ್, ಗ್ರಹಾಂ ಕ್ರ್ಯಾಕರ್ ನಮ್ಮ ನೆನಪಿನಲ್ಲಿ ಇರುವುದಿಲ್ಲ. ಲವಂಗ ಇಡಿ: ಅದರ ಯೂಜಿನಾಲ್ ಎಂಬ ವಾಸನೆಯ ಅಂಶ ಪೀಪಾಯಿಯ ಸುಟ್ಟ ಓಕ್ ಮರದಿಂದಲೂ ಬರುತ್ತದೆ. ಒಣಕೊಬ್ಬರಿ ಇಡಿ: ಓಕ್‌ನ ಲ್ಯಾಕ್ಟೋನ್ ಅದೇ ವಾಸನೆ ಕೊಡುತ್ತದೆ. ವೆನಿಲ್ಲಾ ಎಸೆನ್ಸ್; ವಿಸ್ಕಿಯಲ್ಲಿ ಆ ವಾಸನೆ ಮರದ ಲಿಗ್ನಿನ್ ಎಂಬ ಅಂಶ ಒಡೆದು ಹುಟ್ಟುವಂಥದ್ದು. ಕಾಯಿಸಿದ ಬೆಲ್ಲ, ಮಾಗಿದ ಬಾಳೆಹಣ್ಣು. ಜೊತೆಗೆ ಒಂದು ಎಳೆ ಸಬ್ಬಸಿಗೆ ಸೊಪ್ಪು. ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿ ಶೇ 95 ರೈ ಎಂಬ ಧಾನ್ಯ ಹಾಕಿ ಭಟ್ಟಿ ಇಳಿಸುವ ವಿಸ್ಕಿ ಅನೇಕ ಬ್ರ್ಯಾಂಡುಗಳ ಹೆಸರಲ್ಲಿ ಬರುತ್ತದೆ, ಬುಲೆಟ್ ರೈ ಅವುಗಳಲ್ಲೊಂದು. ಅದರಲ್ಲಿ ಸಬ್ಬಸಿಗೆಯ ವಾಸನೆ ಸಿಗುತ್ತದೆ ಎಂದು ಹೇಳುವವರು ಬಹಳ. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್. ಲೋಟದ ಮೇಲಿನ ತಟ್ಟೆ ತೆಗೆದು ಕಾಲು ಗಂಟೆ ಬಿಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ.

ಈಗ ನಿಮ್ಮ ನಾಲ್ಕರಲ್ಲಿ ಹುಡುಕಬೇಕಾದದ್ದು. ಬರ್ಬನ್ ಎಂಬ ಅಮೆರಿಕನ್ ವಿಸ್ಕಿ ಎನಿಸಿಕೊಳ್ಳಲು ಕನಿಷ್ಠ ಶೇ 51 ಮೆಕ್ಕೆಜೋಳ, ಒಳಮೈ ಸುಟ್ಟ ಹೊಸ ಓಕ್ ಪಾತ್ರೆ ಬೇಕು. ಮೇಕರ್ಸ್ ಮಾರ್ಕ್‌ನಲ್ಲಿ ರೈ ಇಲ್ಲವೇ ಇಲ್ಲ: ಶೇ 70 ಮೆಕ್ಕೆಜೋಳ, 16 ಗೋಧಿ, 14 ಮೊಳಕೆ ಬಾರ್ಲಿ. ಹಾಗಾಗಿ ಸಿಹಿ ಮುಂದೆ ನಿಲ್ಲುತ್ತದೆ, ಮಸಾಲೆ ಹಿಂದೆ ಸರಿಯುತ್ತದೆ. ವೈಲ್ಡ್ ಟರ್ಕಿಯಲ್ಲಿ ಶೇ 13 ರೈ, ಜೊತೆಗೆ ಪೀಪಾಯಿಯ ಒಳಮೈಯನ್ನು ಆಳವಾಗಿ ಸುಡುತ್ತಾರೆ. ಸುಟ್ಟ ಸಕ್ಕರೆ, ಮರ, ಲವಂಗ ಅಲ್ಲಿ ಹುಡುಕಿ. ಜ್ಯಾಕ್ ಡೇನಿಯಲ್ಸ್ ಪೀಪಾಯಿಗೆ ಹೋಗುವ ಮುಂಚೆ ಶುಗರ್ ಮೇಪಲ್ ಮರದ ಇದ್ದಿಲಿನ ದಪ್ಪ ಹಾಸಿನ ಮೂಲಕ ನಿಧಾನವಾಗಿ ಇಳಿಯುತ್ತದೆ, ಮತ್ತು ಬಾಳೆಹಣ್ಣಿನ ವಾಸನೆ ಅದರ ಗುರುತು. ರಿಟನ್‌ಹೌಸ್ ಹೆಸರಿಗೆ ರೈ ಆದರೂ ಅದರಲ್ಲಿ ರೈ ಶೇ 51 ಮಾತ್ರ, 35 ಮೆಕ್ಕೆಜೋಳ. ಬರ್ಬನ್‌ನ ಹತ್ತಿರದ ನೆಂಟ ಅನ್ನಿಸಿದರೆ ನಿಮ್ಮ ಅನಿಸಿಕೆ ಸರಿಯಾಗೇ ಇದೆ.

ಆದರೆ ಈ ನಾಲ್ಕು ಜೊತೆಯಾಗಿ ಒಳ್ಳೆಯ ಪಾಠ ಕಲಿಸುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಭಟ್ಟಿ, ನಾಲ್ಕು ಯೀಸ್ಟ್, ಬೇರೆ ಬೇರೆ ವಯಸ್ಸು. ಯಾವ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹೇಳಲು ದಾರಿಯೇ ಇಲ್ಲ. ಒಂದು ಸಂಗತಿ ಮಾತ್ರ ಬದಲಾಗುವ ಜೋಡಿ ಹುಡುಕಬೇಕು. ನಿಮ್ಮ ರಿಟನ್‌ಹೌಸ್ ಪಕ್ಕಕ್ಕೆ ಇವಾನ್ ವಿಲಿಯಮ್ಸ್ ಬರ್ಬನ್‌ನ ಬಿಳಿ ಲೇಬಲ್ ಬಾಟಲಿ ತನ್ನಿ. ಎರಡೂ ಹೆವನ್ ಹಿಲ್ ಭಟ್ಟಿಯವು, ಎರಡೂ ಬಾಟಲ್ಡ್ ಇನ್ ಬಾಂಡ್. ಅಂದರೆ ಅಮೆರಿಕದ 1897ರ ಕಾಯ್ದೆಯ ಪ್ರಕಾರ ಒಂದೇ ಭಟ್ಟಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಸರಿಯಾಗಿ ಶೇ 50. ನೀರಿನ ಲೆಕ್ಕವೂ ಬೇಕಿಲ್ಲ, ಮುಖ್ಯವಾಗಿ ಬದಲಾಗುವುದು ಧಾನ್ಯ. ವಯಸ್ಸಿನ ಪಾಠಕ್ಕೆ 4 ವರ್ಷದ ಜಿಮ್ ಬೀಮ್ ಬಿಳಿ ಲೇಬಲ್ ಎದುರು 9 ವರ್ಷದ ನಾಬ್ ಕ್ರೀಕ್, ಅದೇ ಕಂಪನಿಯದ್ದು. 10 ಮಿಲಿ ನಾಬ್ ಕ್ರೀಕ್‌ಗೆ 2.5 ಮಿಲಿ ನೀರು ಹಾಕಿದರೆ ಎರಡೂ ಶೇ 40. ಹೊಸ ಓಕ್‌ನಲ್ಲಿ ಐದು ವರ್ಷ ಹೆಚ್ಚು ಕೂತರೆ ಒಗರು ಎಷ್ಟು ಬರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

ವ್ಯತ್ಯಾಸ ನಿಜವೋ ಲೇಬಲ್ ನೋಡಿ ಹುಟ್ಟಿದ್ದೋ ತಿಳಿಯಲು ಮೂರು ಲೋಟದ ಪರೀಕ್ಷೆ ಮಾಡಿ. ಮನೆಯವರೊಬ್ಬರು ಎರಡು ಲೋಟಕ್ಕೆ ಒಂದು ವಿಸ್ಕಿ, ಮೂರನೆಯದಕ್ಕೆ ಇನ್ನೊಂದು ಹಾಕಿ, ತಳಕ್ಕೆ ಗುರುತು ಅಂಟಿಸಿ, ನಿಮಗೆ ಕಾಣದಂತೆ ಸ್ಥಾನ ಬದಲಿಸಲಿ. ಬೇರೆಯದು ಯಾವುದು ಎಂದು ನೀವು ಹೇಳಬೇಕು. ಬಣ್ಣ ಸುಳಿವು ಕೊಡುತ್ತದೆ, ದೀಪ ಮಂಕಾಗಿರಲಿ. ಲೋಟಕ್ಕೆ 5 ಮಿಲಿ ಸಾಕು. ರಾತ್ರಿಗೆ ಎರಡು ಸುತ್ತು, ಮೂರು ರಾತ್ರಿಗೆ ಆರು. ಸುಮ್ಮನೆ ಊಹಿಸುವವರಿಗೂ ಮೂರಕ್ಕೊಂದು ಸರಿಯಾಗುತ್ತದೆ, ಆದರೆ ಆರರಲ್ಲಿ ಐದು ಅಥವಾ ಆರು ಸರಿ ಬರುವ ಸಾಧ್ಯತೆ ನೂರಕ್ಕೆ ಎರಡರಷ್ಟೂ ಇಲ್ಲ. ನಾಲ್ಕು ಸರಿ ಬಂದರೆ ಹಿಗ್ಗಬೇಡಿ, ಅದು ಊಹೆಯಲ್ಲೂ ನೂರಕ್ಕೆ ಸುಮಾರು ಎಂಟು ಸಲ ಆಗುತ್ತದೆ. ಇನ್ನೊಂದು ವಾರ ಬಿಟ್ಟು ಮತ್ತೆ ಆರು ಸುತ್ತು ಮಾಡಿ. ಆರರಲ್ಲಿ ಐದಾದರೂ ಸರಿ ಬಂದ ಮೇಲೆ, ಬೇರೆಯ ಲೋಟವನ್ನು ಹಿಡಿದುಕೊಟ್ಟದ್ದು ಯಾವ ವಾಸನೆ ಅಥವಾ ರುಚಿ ಎಂದು ಲೇಬಲ್ ನೋಡುವ ಮುಂಚೆಯೇ ಬರೆದಿಡಿ.