ಫೌಜಿಯ ನಿದ್ದೆ, ಚುನಾವಣೆಯ ನಾಮಪತ್ರ

ಪ್ರಶ್ನೆ: ನಮ್ಮ ಭಾವ ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಗ್ರಾಮ ಪಂಚಾಯಿತಿಗೆ ನಿಲ್ಲಿ ಎಂದು ಊರವರ ಒತ್ತಾಯ. ಆದರೆ ಅವರಿಗೆ ರಾತ್ರಿ ನಿದ್ದೆಯಿಲ್ಲ. ಪಕ್ಕದ ತೋಟದಲ್ಲಿ ಮಂಗ ಓಡಿಸಲು ಗರ್ನಾಲು ಹೊಡೆದರೆ ಥಟ್ಟನೆ ನೆಲಕ್ಕೆ ಕವುಚಿಕೊಳ್ಳುತ್ತಾರೆ, ಆಮೇಲೆ ಅರ್ಧ ದಿನ ಯಾರ ಹತ್ತಿರವೂ ಮಾತಿಲ್ಲ. ಮನೋವೈದ್ಯರ ಹತ್ತಿರ ಚೀಟಿ ಮಾಡಿಸಿದರೆ ನಾಮಪತ್ರ ತಿರಸ್ಕಾರವಾಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ನಿಜವೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಖಂಡಿತ ಸುಳ್ಳು. ಈ ಸುಳ್ಳಿಗೆ ಹೆದರಿ ಎಷ್ಟೋ ಮಂದಿ ಚಿಕಿತ್ಸೆಯನ್ನೇ ಮುಂದೂಡುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಶಾಸಕ ಸ್ಥಾನಕ್ಕೆ ಸಂವಿಧಾನದ 191ನೇ ವಿಧಿ, ಸಂಸದ ಸ್ಥಾನಕ್ಕೆ 102ನೇ ವಿಧಿ ಅನರ್ಹತೆಗಳನ್ನು ಹೇಳುತ್ತವೆ. ಅಸ್ವಸ್ಥಚಿತ್ತ ಎಂದು ಸಕ್ಷಮ ನ್ಯಾಯಾಲಯ ಘೋಷಿಸಿದ್ದರೆ ಮಾತ್ರ ಅನರ್ಹತೆ. ಪಂಚಾಯಿತಿ ಕಾನೂನಿನಲ್ಲೂ ನ್ಯಾಯಾಲಯದ ತೀರ್ಮಾನವೇ ಬೇಕು. ಆಸ್ಪತ್ರೆಯ ಚೀಟಿ, ಮಾತ್ರೆಯ ಪಟ್ಟಿ ಯಾವ ಲೆಕ್ಕಕ್ಕೂ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇನ್ನೂ ಸ್ಪಷ್ಟ: ಮಾನಸಿಕ ಕಾಯಿಲೆ ಇದೆ ಎಂಬುದೊಂದರಿಂದಲೇ ಯಾರನ್ನೂ ಅಸ್ವಸ್ಥಚಿತ್ತರೆಂದು ಎಣಿಸುವಂತಿಲ್ಲ. ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. 24ನೇ ಸೆಕ್ಷನ್ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಕ್ಕೆ ಕೊಡುವಂತಿಲ್ಲ.

ನೀವು ಬರೆದಿರುವ ಲಕ್ಷಣಗಳು ತಿಂಗಳು ಮೀರಿ ಇದ್ದರೆ ಆಘಾತೋತ್ತರ ಒತ್ತಡದ ಕಾಯಿಲೆಯೇ, ಅಂದರೆ ಪಿಟಿಎಸ್‌ಡಿಯೇ, ಎಂದು ಪರೀಕ್ಷಿಸಲೇಬೇಕು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಹೋಗಬಹುದು, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಹೊರಡುವುದು ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಹೆಚ್ಚಿನವರು ಎಡವುವುದು ಮಾತ್ರೆಯ ವಿಷಯದಲ್ಲಿ. ಪಿಟಿಎಸ್‌ಡಿಗೆ ಕೊಡುವ ಸರ್ಟ್ರಾಲಿನ್‌ನಂಥ ಔಷಧಿಯನ್ನು ಸಾಮಾನ್ಯವಾಗಿ 25 ಅಥವಾ 50 ಮಿಲಿಗ್ರಾಂನಿಂದ ಶುರು ಮಾಡಿ ವೈದ್ಯರು ನಿಧಾನ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಓಕರಿಕೆ, ಹೊಟ್ಟೆ ಕೆಡುವುದು, ಚಡಪಡಿಕೆ ಇರಬಹುದು. ಗುಣ ಕಾಣುವುದು 4ರಿಂದ 6 ವಾರಕ್ಕೆ. ತೊಂದರೆ ಮೊದಲು, ಗುಣ ಆಮೇಲೆ. ಹಾಗಾಗಿಯೇ ‘ಇದು ನನಗೆ ಆಗಿಬರಲಿಲ್ಲ’ ಎಂದು ಎರಡನೇ ವಾರದಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಫೋನ್ ಮಾಡಿ ಕೇಳಿ. ಚೇತರಿಸಿಕೊಂಡ ಮೇಲೂ ಒಮ್ಮೆಲೇ ನಿಲ್ಲಿಸಬಾರದು. ಆಘಾತವನ್ನೇ ಗುರಿಯಾಗಿಟ್ಟ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಭೇಟಿ, ವಾರಕ್ಕೊಂದು. ಪ್ರಚಾರದ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ಚುನಾವಣೆಗೆ ಮೂರ್ನಾಲ್ಕು ತಿಂಗಳು ಇರುವಾಗಲೇ ಶುರುವಾದರೆ ಚೆನ್ನ.

ಮನೆಯವರು ಮಾಡಬೇಕಾದದ್ದೂ ಇದೆ. ಗರ್ನಾಲು ಹೊಡೆಯುವ ಮುಂಚೆ ಒಂದು ಕೂಗು ಹಾಕಿ ಅಥವಾ ಮಿಸ್ಡ್ ಕಾಲ್ ಕೊಡಿ ಎಂದು ಅಕ್ಕಪಕ್ಕದ ತೋಟದವರಿಗೆ ಹೇಳಿಡಿ. ಬರುವ ಸದ್ದು ಮೊದಲೇ ಗೊತ್ತಿದ್ದರೆ ಬೆಚ್ಚುವುದು ತಗ್ಗುತ್ತದೆ. ಬೆಚ್ಚಿದಾಗ ಎದುರಿಗೆ ಬಂದು, ಹೆಸರು ಹಿಡಿದು, ‘ಇದು ನಮ್ಮ ತೋಟ, ಇವತ್ತು ಗುರುವಾರ, ಅಗೋ ಕೊಟ್ಟಿಗೆ’ ಎಂದು ಕಣ್ಣಿಗೆ ಕಾಣುವುದನ್ನೇ ಹೇಳಿ. ಕೆಟ್ಟ ಕನಸು ಬಿದ್ದಾಗ ಮೈ ಅಲುಗಿಸಿ ಎಬ್ಬಿಸಬೇಡಿ. ಕಾಲಿನ ಕಡೆ ದೂರ ನಿಂತು, ದೀಪ ಹಾಕಿ, ಹೆಸರು ಕೂಗಿ.

ಪ್ರಶ್ನೆ: ನಮ್ಮ ಅಭ್ಯರ್ಥಿಯೂ ಮಾಜಿ ಸೈನಿಕರು. ಚಿಕಿತ್ಸೆ ಪಡೆದದ್ದನ್ನು ಭಾಷಣದಲ್ಲಿ ಹೇಳಬೇಕು ಎನ್ನುತ್ತಾರೆ. ‘ದೇಶ ಕಾದವನು ಹೀಗೆ ಅಳುಕಿದರೆ ಸೇನೆಗೇ ಅವಮಾನ’ ಎಂದು ಜೊತೆಗಿರುವವರ ವಾದ. ಏನು ಮಾಡಲಿ?
– ಸಾಗರ

ಉತ್ತರ: ಅವಮಾನ ಎನ್ನುವವರು ಕೆನಡಾದ ರೋಮಿಯೊ ಡಲೈರ್ ಅವರ ವಿಷಯ ತಿಳಿಯಬೇಕು. 1994ರ ನರಮೇಧದ ಹೊತ್ತಿಗೆ ರುವಾಂಡಾದಲ್ಲಿ ವಿಶ್ವಸಂಸ್ಥೆ ಪಡೆಯ ದಂಡನಾಯಕರಾಗಿದ್ದ ಈ ಜನರಲ್, ಪಿಟಿಎಸ್‌ಡಿಯಿಂದಾಗಿ 2000ದಲ್ಲಿ ಸೇನೆ ಬಿಟ್ಟರು. ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಆಮೇಲೂ 2005ರಿಂದ 2014ರವರೆಗೆ ಸೆನೆಟರ್ ಆಗಿದ್ದರು. ಇರಾಕ್‌ನಲ್ಲಿ ಹೋರಾಡಿದ ಅಮೆರಿಕದ ಸೇಥ್ ಮೌಲ್ಟನ್ 2019ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿರುವಾಗಲೇ ತಮ್ಮ ಪಿಟಿಎಸ್‌ಡಿಯ ವಿಷಯ ಹೇಳಿದರು. ಆ ಸ್ಪರ್ಧೆಯಿಂದ ಹಿಂದೆ ಸರಿದರೂ, ಮರುವರ್ಷ ಅವರ ಕ್ಷೇತ್ರದ ಜನ ಮತ್ತೆ ಸಂಸತ್ತಿಗೆ ಕಳಿಸಿದರು. ಅಫ್ಘಾನಿಸ್ತಾನದಲ್ಲಿ ಸೇವೆ ಮಾಡಿದ್ದ ಜೇಸನ್ ಕ್ಯಾಂಡರ್ ಮಾತ್ರ 2018ರಲ್ಲಿ ಕಾನ್ಸಾಸ್ ಸಿಟಿಯ ಮೇಯರ್ ಸ್ಪರ್ಧೆಯನ್ನೇ ಬಿಟ್ಟು ಚಿಕಿತ್ಸೆಗೆ ಹೋದರು. ನಿಲ್ಲುವುದೂ ಸರಿ, ಆರೋಗ್ಯಕ್ಕಾಗಿ ಹಿಂದೆ ಸರಿಯುವುದೂ ಸರಿ. ನಮ್ಮ ಸೇನೆಯೂ ಈ ವಿಷಯ ಮುಚ್ಚಿಟ್ಟಿಲ್ಲ: 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆಂದೇ ಟೆಲಿ ಮಾನಸ್ ಘಟಕ ತೆರೆಯಿತು. ಸರ್ಕಾರಿ ವೆಚ್ಚದಲ್ಲಿ ಮಾನಸಿಕ ಆರೈಕೆ ಪಡೆಯುವುದು ಸಂಸತ್ತೇ ಕೊಟ್ಟ ಹಕ್ಕು. ಅದನ್ನು ಬಳಸಿದವರ ದೇಶಪ್ರೇಮವನ್ನು ಪ್ರಶ್ನಿಸುವುದು ನಮ್ಮ ದೃಷ್ಟಿಯಲ್ಲಿ ಅನ್ಯಾಯ.

ಭಾಷಣ ನಾಲ್ಕು ನಿಮಿಷ ಮೀರದಿರಲಿ. ಏನಾಗುತ್ತಿತ್ತು, ಎಲ್ಲಿಗೆ ಹೋದೆ, ಈಗ ಹೇಗಿದ್ದೇನೆ ಎಂಬಷ್ಟು ಸಾಕು, ಜೊತೆಗೆ 14416. ಗುಂಡಿನ ಕಾಳಗದ ವಿವರ ಜನರೆದುರು ಬೇಡ. ಹೇಳುತ್ತಾ ಹೇಳುತ್ತಾ ಅವರಿಗೇ ಆ ನೆನಪು ಮರುಕಳಿಸಬಹುದು. ಜೊತೆಗಾರ ಸೈನಿಕರ ಕಾಯಿಲೆಯಂತೂ ಹೇಳಲೇಬಾರದು. ಕೆದಕಿ ಕೇಳುವವರಿಗೆ ‘ಅದು ನನಗೂ ನನ್ನ ವೈದ್ಯರಿಗೂ ಬಿಟ್ಟದ್ದು’ ಎಂಬ ಉತ್ತರ ಮೊದಲೇ ಬಾಯಿಗೆ ಬಂದಿರಲಿ. ಎದುರಾಳಿ ಪಿಸುಗುಡಲು ಶುರು ಮಾಡುವ ಮುಂಚೆ ತಾವೇ ಹೇಳುವುದು ಮೇಲು. ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲೂ 2019ರಲ್ಲೂ ಪಕ್ಷಗಳಿಗೆ ತಿಳಿಸಿದೆ. ಸಮವಸ್ತ್ರದ ಫೋಟೊ ಫ್ಲೆಕ್ಸ್‌ಗೆ ಹಾಕಬೇಡಿ.

ಪ್ರಶ್ನೆ: ಸೇನಾ ಕ್ಯಾಂಟೀನಿನ ಮದ್ಯದ ಕೋಟಾ ಬಂದ ವಾರ ಮಾಜಿ ಸೈನಿಕರಾದ ಅಪ್ಪನ ಕುಡಿತ ಮಿತಿ ಮೀರುತ್ತದೆ. ಮನೆಯಲ್ಲಿ ತೋಟ ಕಾಯುವ ಕೋವಿಯೂ ಇದೆ. ಇವತ್ತಿಂದಲೇ ಕುಡಿತ ಬಿಡಿಸಲೇ?
– ಹೊಸನಗರ

ಉತ್ತರ: ದಿನವೂ ಕುಡಿಯುವವರಾದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ದಿನವೇ ಕೈ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ, ಕನವರಿಕೆ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಕಣ್ಣಳತೆಯಲ್ಲಿ ಬಿಡಿಸಬೇಕು. ನಿದ್ದೆಗೆಂದು ಕುಡಿಯುತ್ತಿದ್ದಾರೆಯೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಚಿಕಿತ್ಸೆಯ ದಾರಿಯೇ ಅದರಿಂದ ಬದಲಾಗುತ್ತದೆ.

ಕೋವಿಯ ವಿಷಯದಲ್ಲಿ ತಡ ಬೇಡ. ಚುನಾವಣೆ ಹೊತ್ತಿಗೆ ಠಾಣೆಗೆ ಜಮಾ ಮಾಡುವ ಆದೇಶ ಬರುವುದು ಮಲೆನಾಡಿನವರಿಗೆ ಹೊಸತಲ್ಲ. ಅದಕ್ಕೆ ಕಾಯದೆ ಠಾಣೆಯಲ್ಲಿ ಕೇಳಿ ಈಗಲೇ ಒಪ್ಪಿಸಿ, ರಸೀದಿ ಜೋಪಾನವಾಗಿಡಿ. ಕೋವಿಯ ಕಾಡತೂಸುಗಳೂ ಮನೆಯಲ್ಲಿ ಉಳಿಯಬಾರದು. ತೋಟದ ಔಷಧಿ ಡಬ್ಬಿಗಳಿಗೂ ಬೀಗ ಬೀಳಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ‘ನಾನಿಲ್ಲದಿದ್ದರೆ ನಿಮಗೆ ಸುಖ’ ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಸಿಗದಿದ್ದರೆ 108.