ಹಳೆ ಕ್ಯಾಬಿನ್ ಕ್ರೂಸರ್ ಮಾರಿಕಣಿವೆಗೆ ಬೇಡ ಸರ್

ನಮಸ್ಕಾರ ಸರ್. ಗೋವಾದಲ್ಲಿ ಸಿಗುವ ಹಳೆ ಕ್ಯಾಬಿನ್ ಕ್ರೂಸರ್ (ಒಳಗೆ ಕೋಣೆ ಇರುವ ಮೋಟಾರ್ ಬೋಟ್) ಕೊಂಡು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆ ಜಲಾಶಯಕ್ಕೆ, ತರಬಹುದಾ ಅಂತ ಕೇಳಿದ್ದೀರಿ. ಹೊಸದಕ್ಕಿಂತ ತುಂಬಾ ಅಗ್ಗ, ಮಲಗೋಕೆ ಜಾಗ, ಪುಟ್ಟ ಅಡುಗೆಮನೆ ಎಲ್ಲ ಇರುತ್ತದೆ, ನಿಜ.

ಆದರೆ ಮಾರಿಕಣಿವೆಗೆ ಬೇಡ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. ನೀರು ಹಿಂದೆ ಸರಿದ ವರ್ಷ ಅಷ್ಟು ಭಾರದ ಬೋಟನ್ನು ಎಲ್ಲಿ ಕಟ್ಟುತ್ತೀರಿ? ಅನುಮತಿಯ ಓಡಾಟ ಬೇರೆ. ಅಲ್ಲದೆ ಅದು ಚಿತ್ರದುರ್ಗದ ಜನ ಕುಡಿಯುವ ನೀರು. ಹಳೆ ಇಂಜಿನ್ನಿನ ಎಣ್ಣೆ ಅದಕ್ಕೆ ಸೇರಬಾರದು, ಅಲ್ವಾ?

ಕರಾವಳಿಯಲ್ಲೇ ಇಟ್ಟು, ರಜೆಗೆ ಹೋಗಿ ಓಡಿಸುವುದಾದರೆ ಯೋಚಿಸಿ. ಆಗಲೂ ನಿಲ್ಲಿಸುವ ಬಾಡಿಗೆ, ತಳದ ಬಣ್ಣ, ವಿಮೆ ಪ್ರತಿ ವರ್ಷ ಕೈ ಕಚ್ಚುತ್ತವೆ.

ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಫೈಬರ್ ಒಳಗೆ ಎಷ್ಟೋ ಬೋಟ್‌ಗಳಲ್ಲಿ ಪ್ಲೈವುಡ್ ಇರುತ್ತದೆ. ಮೋಟಾರ್ ಕೂರುವ ಹಿಂಬದಿಯ ಗೋಡೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಒಂದು ಕಡೆ ಬೊದಬೊದ ಅಂದರೆ ಒಳಗೆ ಕೊಳೆತಿರಬಹುದು, ಅದರ ರಿಪೇರಿ ಬಲು ದುಬಾರಿ. ತಳದಲ್ಲಿ ಗುಳ್ಳೆ ಎದ್ದಿವೆಯಾ ನೋಡಿ. ಉಪ್ಪುನೀರಿನಲ್ಲೇ ತಣಿಯುವ ಇಂಜಿನ್ ಆದರೆ ಎಕ್ಸಾಸ್ಟ್ ಒಳಗಿಂದಲೇ ತುಕ್ಕು ತಿಂದಿರಬಹುದು. ಪೆಟ್ರೋಲ್ ಇಂಜಿನ್ ಒಳಗಿದ್ದರೆ ಆವಿಯನ್ನು ಹೊರಗೆ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಆವಿ ತುಂಬಿ ಬೆಂಕಿ ಹತ್ತುವ ಅಪಾಯವಿದೆ.

ಮಾರುವವರು ಸೂಚಿಸಿದವರು ಬೇಡ, ಬೋಟ್ ಪರೀಕ್ಷಿಸುವ ಒಬ್ಬ ಸರ್ವೇಯರ್‌ನನ್ನು ನೀವೇ ಕರೆದೊಯ್ಯಿರಿ. ತಣ್ಣಗಿರುವ ಇಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.