ಪ್ರತಿಕ್ರಿಯೆ: ಮ್ಯಾಗ್ನೆಟೋಪಾಸ್ ದೂರ 10ರ ಬದಲು 8 ಏಕೆ ಬರುತ್ತಿದೆ?

ಸೌರಮಾರುತದ (ಸೂರ್ಯನಿಂದ ಹರಿದು ಬರುವ ಕಣಗಳ) ಒತ್ತಡವನ್ನು ಕಾಂತೀಯ ಒತ್ತಡಕ್ಕೆ ಸಮ ಎಂದಿಟ್ಟ ಸಮೀಕರಣದಲ್ಲಿ ಸಾಂದ್ರತೆ ಘನ ಸೆಂ.ಮೀ.ಗೆ 5 ಪ್ರೋಟಾನ್, ವೇಗ ಸೆಕೆಂಡಿಗೆ 400 ಕಿ.ಮೀ. ಹಾಕಿದರೆ ಮ್ಯಾಗ್ನೆಟೋಪಾಸ್, ಅಂದರೆ ಭೂಮಿಯ ಕಾಂತಕ್ಷೇತ್ರದ ಗಡಿ, 8.1 ಭೂತ್ರಿಜ್ಯಕ್ಕೇ ನಿಲ್ಲುತ್ತದೆ, ಪುಸ್ತಕದಲ್ಲಿ ಸುಮಾರು 10 ಎಂದಿದೆ ಅಂತ ಕೇಳಿದ್ದೀರಿ. ಸೌರಮಾರುತದ ಒತ್ತಡ 1.34 ನ್ಯಾನೋಪಾಸ್ಕಲ್ ಸರಿಯಾಗಿಯೇ ಇದೆ. ತಪ್ಪಿರುವುದು ಕಾಂತಕ್ಷೇತ್ರದಲ್ಲಿ. ನೀವು ಬರೀ ದ್ವಿಧ್ರುವದ (ದಂಡಕಾಂತದಂಥ ಎರಡು ಧ್ರುವಗಳ) ಕ್ಷೇತ್ರ ತೆಗೆದುಕೊಂಡಿದ್ದೀರಿ. ಗಡಿಯಲ್ಲಿ ಹರಿಯುವ ವಿದ್ಯುತ್ ಹೊರಗಿನ ಕ್ಷೇತ್ರವನ್ನು ಅಳಿಸಿ ಒಳಗಿನದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಕ್ಷೇತ್ರ ಇಮ್ಮಡಿಯಾದರೆ ಕಾಂತೀಯ ಒತ್ತಡ 4 ಪಟ್ಟು. ಕಾಂತೀಯ ಒತ್ತಡ ದೂರದ ಆರನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ ದೂರಕ್ಕೆ ಬರುವುದು ಅದರ ಆರನೇ ಮೂಲ, ಅಂದರೆ 1.26. ಈಗ 8.1 ಹೋಗಿ 10.2 ಆಯಿತು. ಹೀಲಿಯಂ ಅನ್ನೂ ಸೇರಿಸಿದರೆ (ಸಂಖ್ಯೆಯಲ್ಲಿ ಶೇ. 4 ಇದ್ದರೂ ದ್ರವ್ಯರಾಶಿ ಶೇ. 16 ಏರುತ್ತದೆ) 10ರ ಹತ್ತಿರಕ್ಕೆ ಬರುತ್ತದೆ.

ಈ ಆರನೇ ಮೂಲ ಸಣ್ಣ ತಪ್ಪುಗಳನ್ನೆಲ್ಲ ನುಂಗಿಬಿಡುತ್ತದೆ, ಹಾಗಾಗಿ ಉತ್ತರ ಸರಿ ಕಂಡರೂ ಪೂರ್ತಿ ನಂಬಬೇಡಿ. ಘನ ಸೆಂ.ಮೀ.ಯನ್ನು ಘನ ಮೀಟರಿಗೆ ಬದಲಿಸಲು ಮರೆತರೆ ಮಾತ್ರ ದೂರ ಸರಿಯಾಗಿ 10 ಪಟ್ಟು ಹಿಗ್ಗುತ್ತದೆ. 81 ಅಂತ ಬಂದರೆ ಮೊದಲು ಅಲ್ಲೇ ನೋಡಿ.

ಇನ್ನೊಂದು ಮಾತು: ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಮರುಜೋಡಣೆಯಿಂದ (ಎರಡೂ ಕಡೆಯ ಕಾಂತರೇಖೆಗಳು ತುಂಡಾಗಿ ಒಂದಕ್ಕೊಂದು ಸೇರುವುದರಿಂದ) ಗಡಿ ಸವೆದು, ಒತ್ತಡ ಬದಲಾಗದಿದ್ದರೂ ಒಳಸರಿಯುತ್ತದೆ. ಈ ಸಮೀಕರಣದಲ್ಲಿ ಅದಕ್ಕೆ ಜಾಗವೇ ಇಲ್ಲ.